ಚಾಳೀಸಿಗೆ ಒಂದು ಸೂತಿನ ಲೆಕ್ಕ



ಕನ್ನಡಕಕ್ಕೆ ನಮ್ಮ ಕಡೆ ಚಾಳೀಸು ಅನ್ನುತ್ತೇವೆ. ನಲವತ್ತರ ಸುಮಾರಿಗೆ ಬೇಕಾಗುವುದರಿಂದ ಆ ಹೆಸರು. ತೆಲುಗಿನಲ್ಲಿ ಕಳ್ಳದ್ದಾಲು. ಬೀದರಿನಿಂದ ಹೊಸದಾಗಿ ಬಂದ ಸೊಸೆಯಂದಿರು ಅದನ್ನು ಕೇಳಿ, ಇಲ್ಲಿ ಕಳ್ಳ ಯಾರು ಎಂದು ನಗುತ್ತಾರೆ. ಹೆಸರು ಯಾವುದೇ ಇರಲಿ, ಮಾಡಿಸುವಾಗ ನಾವು ನಂಬರನ್ನಷ್ಟೇ ವಿಚಾರಿಸುತ್ತೇವೆ. ಇನ್ನೊಂದು ಅಳತೆಯೂ ಬೇಕು. ಅದು ಎರಡು ಕಣ್ಣುಪಾಪೆಗಳ ನಡುವಿನ ಅಂತರ. ಅಂಗಡಿಯವರು ಇದಕ್ಕೆ ಪಿ.ಡಿ. ಅನ್ನುತ್ತಾರೆ. ಡಾಕ್ಟರರ ಚೀಟಿಯಲ್ಲಿ ಬಹಳ ಸಲ ಇದು ಇರುವುದೇ ಇಲ್ಲ.

ನನಗೆ ಇದನ್ನು ಕಲಿಸಿದ್ದು ತಲೆನೋವು. ನನ್ನ ಎರಡೂ ಕಣ್ಣಿನ ನಂಬರು ಮೈನಸ್ 5. ಮಗ ಫೋನಿನಲ್ಲೇ ಹೊಸ ಚಾಳೀಸು ತರಿಸುತ್ತೇನೆಂದ. ಅಲ್ಲಿ ಪಿ.ಡಿ. ಎಷ್ಟೆಂದು ಕೇಳಿತು. ನಾನು ಹಳೆಯ ಚಾಳೀಸು ಮುಂದಿಟ್ಟುಕೊಂಡು, ಒಂದು ಗಾಜಿನ ನಡುವಿನಿಂದ ಇನ್ನೊಂದರ ನಡುವಿಗೆ ಸ್ಕೇಲಿಟ್ಟು 70 ಮಿಲಿಮೀಟರ್ ಎಂದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಪೈಸೆ ತಾಳೆ ಮಾಡಿದವನು ಮಾಡಿದ ಲೆಕ್ಕ ಇದು! ನಾನು ಅಳೆದದ್ದು ಫ್ರೇಮನ್ನು, ನನ್ನ ಕಣ್ಣನ್ನಲ್ಲ. ಫ್ರೇಮಿನ ಕಡ್ಡಿಯ ಒಳಗೆ 52, 18 ಎಂದು ಬರೆದಿರುತ್ತದೆ. ಗಾಜಿನ ಅಗಲ 52, ಮೂಗಿನ ಸೇತುವೆ 18, ಕೂಡಿದರೆ 70. ನನ್ನ ಪಾಪೆಗಳ ಅಂತರ 64.

ಹೊಸ ಚಾಳೀಸು ಹಾಕಿ ಹದಿನೈದು ದಿನ ಹಣೆ ಸಿಡಿಯಿತು. ಸಂಜೆ ಬಸ್ಸಿನ ಬೋರ್ಡು ಎರಡೆರಡು ಕಾಣತೊಡಗಿತು. ಬಿ.ಪಿ. ಏರಿದೆಯೆಂದು ತೋರಿಸಿಕೊಂಡೂ ಬಂದೆ. ಬಿ.ಪಿ. ಸರಿಯಾಗಿಯೇ ಇತ್ತು.

ಕಾರಣ ಹೀಗಿದೆ. ಪ್ರತಿ ಗಾಜಿಗೂ ಒಂದು ನಡುಬಿಂದು ಉಂಟು. ಅದರ ಮೂಲಕ ನೋಡಿದರೆ ಬೆಳಕು ನೇರವಾಗಿ ಬರುತ್ತದೆ, ಪಕ್ಕದಿಂದ ನೋಡಿದರೆ ಓರೆಯಾಗುತ್ತದೆ. ಎಷ್ಟು ಸೆಂಟಿಮೀಟರ್ ಸರಿದಿದೆಯೋ ಅದನ್ನು ನಂಬರಿನಿಂದ ಗುಣಿಸಿದರೆ ಓರೆಯ ಪ್ರಮಾಣ ಸಿಗುತ್ತದೆ. ನನ್ನದು ಒಂದೊಂದು ಕಣ್ಣಿಗೆ 3 ಮಿಲಿಮೀಟರ್ ಸರಿದಿತ್ತು. ಗೌಂಡಿಯವರ ಲೆಕ್ಕದಲ್ಲಿ ಸುಮಾರು ಒಂದು ಸೂತು, ಅಂದರೆ ಇಂಚಿನ ಎಂಟನೆಯ ಒಂದು ಪಾಲು. 0.3ನ್ನು 5ರಿಂದ ಗುಣಿಸಿದರೆ 1.5. ಎರಡು ಕಣ್ಣು ಸೇರಿ 3. ಹಾಗೆಂದರೆ ಒಂದು ಮೀಟರು ದೂರದಲ್ಲಿ ಎರಡು ಕಣ್ಣಿನ ನೋಟ 3 ಸೆಂಟಿಮೀಟರ್ ತಪ್ಪುತ್ತದೆ. ಅದನ್ನು ಒಂದು ಮಾಡಲು ಕಣ್ಣುಗಳು ಹೊರಗಡೆಗೆ ಎಳೆಯಬೇಕು. ಮೂಗಿನ ಕಡೆ ತಿರುಗುವುದು ಕಣ್ಣಿಗೆ ರೂಢಿ, ಹೊರಗಡೆಗೆ ಅದರ ಶಕ್ತಿ ಬಹಳ ಕಡಿಮೆ.

ಇನ್ನು ಅಳೆಯುವ ಬಗೆ. ಇಬ್ಬರು ಬೇಕು. ಅಳೆಸಿಕೊಳ್ಳುವವರು ಗೋಡೆಗೆ ತಲೆ ಆನಿಸಿ ಕುಳಿತುಕೊಳ್ಳಲಿ. ಅಳೆಯುವವರು ಒಂದು ಮೊಳ ದೂರದಲ್ಲಿ, ಕಣ್ಣಿನ ಸಮಕ್ಕೆ ಕಣ್ಣಿಟ್ಟು ಕೂರಲಿ. ಮಿಲಿಮೀಟರ್ ಗೆರೆಯ ಸ್ಕೇಲನ್ನು ಎದುರಿನವರ ಹುಬ್ಬಿನ ಕೆಳಗೆ ಅಡ್ಡ ಹಿಡಿಯಬೇಕು. ಅಳೆಯುವವರು ತಮ್ಮ ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದಿರಲಿ. ಎದುರಿನವರು ಆ ತೆರೆದ ಕಣ್ಣನ್ನೇ ನೋಡಲಿ. ಅವರ ಬಲಪಾಪೆಗೆ ಸೊನ್ನೆ ಹೊಂದಿಸಿ. ಸ್ಕೇಲು ಅಲ್ಲಾಡಿಸದೆ ಈಗ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಿರಿ. ಎದುರಿನವರ ನೋಟವೂ ಅತ್ತ ಬರಲಿ. ಅವರ ಎಡಪಾಪೆಯ ಮೇಲೆ ಬಂದ ಗೆರೆಯೇ ಅಳತೆ. ಶಾಲೆ ಹುಡುಗರ ಸ್ಕೇಲಿನಲ್ಲಿ ಸೊನ್ನೆ ಸವೆದಿರುತ್ತದೆ, 10ರಿಂದ ಹಿಡಿದು ಆಮೇಲೆ ಕಳೆದರಾಯಿತು.

ನಮ್ಮ ಜನರ ಕಣ್ಣು ಕಪ್ಪು. ಪಾಪೆ ಎಲ್ಲಿ ಮುಗಿಯಿತು ಅನ್ನುವುದು ಬೇಗ ತಿಳಿಯುವುದಿಲ್ಲ. ಆಗ ಕಪ್ಪು ಗುಡ್ಡೆ ಬಿಳಿಗೆ ಸೇರುವ ಅಂಚನ್ನು ಹಿಡಿಯಿರಿ. ಎರಡೂ ಕಣ್ಣಿನಲ್ಲಿ ಅಳೆಯುವವರ ಎಡಗಡೆಗೆ ಕಾಣುವ ಅಂಚೇ ಆಗಬೇಕು. ಮೂರು ಸಲ ಅಳೆಯಿರಿ. ದೊಡ್ಡವರಿಗೆ ಸಾಮಾನ್ಯವಾಗಿ 54ರಿಂದ 74ರೊಳಗೆ ಬರುತ್ತದೆ, ಹೆಚ್ಚಿನವರಿಗೆ 60ರ ಆಚೆ ಈಚೆ. ಓದುವ ಚಾಳೀಸಿಗೆ ಇದರಲ್ಲಿ 3-4 ಮಿಲಿಮೀಟರ್ ಕಡಿಮೆ, ಏಕೆಂದರೆ ಓದುವಾಗ ಕಣ್ಣು ಒಳಗೆ ತಿರುಗುತ್ತದೆ. ದೂರ-ಹತ್ತಿರ ಎರಡಕ್ಕೂ ಆಗುವ ಪ್ರೊಗ್ರೆಸಿವ್ ಗಾಜಿಗೆ ಮಾತ್ರ ಮನೆಯ ಅಳತೆ ಸಾಲದು. ಮೂಗಿನ ನಡುವಿನಿಂದ ಒಂದೊಂದು ಕಣ್ಣನ್ನು ಬೇರೆ ಬೇರೆಯಾಗಿ ಅಂಗಡಿಯಲ್ಲೇ ಅಳೆಸಬೇಕು.

ಎಲ್ಲರೂ ಹೆದರಬೇಕಿಲ್ಲ. ತೆಲಂಗಾಣ ಸರ್ಕಾರ 2018ರ ಆಗಸ್ಟ್ 15ರಂದು ಕಂಟಿ ವೆಲುಗು ಆರಂಭಿಸಿ, 2023ರ ಜನವರಿಯಲ್ಲಿ ಎರಡನೇ ಸುತ್ತು ನಡೆಸಿದಾಗ ಅನೇಕರಿಗೆ ಓದುವ ಚಾಳೀಸು ಶಿಬಿರದಲ್ಲೇ ಸಿಕ್ಕಿತು. ಅಂಥ ಸಿದ್ಧ ಚಾಳೀಸಿನಲ್ಲಿ ನಂಬರು 1, 1.5 ಇದ್ದರೆ ಎರಡು ಮಿಲಿಮೀಟರ್ ತಪ್ಪು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಭಾರಿ ನಂಬರಿನವರಿಗೇ ಈ ಮಾತು. ಅದರಲ್ಲೂ ಮಕ್ಕಳಿಗೆ. ಚಾಳೀಸು ಹಾಕಿದರೆ ತಲೆ ನೋಯುತ್ತದೆಂದು ಹುಡುಗ ತೆಗೆದಿಟ್ಟರೆ ಹಟ ಎಂದು ಬೈಯುತ್ತೇವೆ. ಮೊದಲು ಅಳತೆ ನೋಡಿ. ಮುಖ ಬೆಳೆದಂತೆ ಅಂತರವೂ ಬೆಳೆಯುತ್ತದೆ, ಹೋದ ವರ್ಷದ ಪಿ.ಡಿ. ಈ ವರ್ಷಕ್ಕೆ ನಡೆಯುವುದಿಲ್ಲ.

ಮಾಡಿಸಿ ತಂದದ್ದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಚಾಳೀಸನ್ನು ಕೈ ಚಾಚಿ ಹಿಡಿದು, ಒಂದು ಗಾಜಿನಲ್ಲಿ ಬಾಗಿಲ ಚೌಕಟ್ಟಿನ ನೆಟ್ಟಗಿನ ಅಂಚು ನೋಡಿ. ಗಾಜಿನೊಳಗಿನ ಗೆರೆ ಹೊರಗಿನದಕ್ಕೆ ಕೂಡದೆ ಮುರಿದಂತೆ ಕಾಣುತ್ತದೆ. ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾ ಹೋದರೆ ಒಂದು ಕಡೆ ಕೂಡಿಕೊಳ್ಳುತ್ತದೆ. ಅಲ್ಲಿ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿ. ಇನ್ನೊಂದು ಗಾಜಿಗೂ ಹಾಗೆಯೇ. ಎರಡು ಗುರುತುಗಳ ನಡುವಿನ ಅಂತರ ನಿಮ್ಮ ಪಿ.ಡಿ.ಗೆ ಸರಿಹೋಗಬೇಕು. ಸಿಲಿಂಡರ್ ನಂಬರಿದ್ದರೆ ಗೆರೆ ವಾರೆಯಾಗಿ ಕಾಣಬಹುದು, ಅಂಥದನ್ನು ಅಂಗಡಿಯ ಯಂತ್ರದಲ್ಲಿ ನೋಡಿಸಿ. ನನ್ನದರಲ್ಲಿ 70 ಬಂತು. ಮತ್ತೆ ಗಾಜು ಹಾಕಿಸಿದೆ, ಈ ಸಲ ಮೊಮ್ಮಗಳು ಅಳೆದಳು.