ಇಪ್ಪತ್ತೈದಕ್ಕೆ ಮೊದಲೇ ಮನೆಮಂದಿಯ ಕ್ರಿಸ್‌ಮಸ್: ದಿನ ಗೊತ್ತು ಮಾಡುವುದರಿಂದ ಎಲೆ ಎತ್ತುವವರೆಗೆ

ಬೆಂಗಳೂರು ದಂಡು ಪ್ರದೇಶದ ಒಂದು ದೊಡ್ಡ ಕ್ರೈಸ್ತ ಕುಟುಂಬದ ಎಲ್ಲರನ್ನೂ ಡಿಸೆಂಬರ್ 25ರ ಮಧ್ಯಾಹ್ನ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಈಗ ಸುಲಭವಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳಿಗೆ ಅವತ್ತೇ ಡ್ಯೂಟಿ. ಸೊಸೆ ತವರಿಗೆ ಹೋಗಬೇಕು, ತವರು ತ್ರಿಶೂರಿನಲ್ಲಿದೆ. ದುಬೈಯಲ್ಲಿರುವ ತಮ್ಮನಿಗೆ ಅಂದು ಸರ್ಕಾರಿ ರಜೆಯೇ ಇಲ್ಲ. ಚರ್ಚಿನ ಗಾಯನವೃಂದದಲ್ಲಿ ಹಾಡುವ ಅಣ್ಣ 24ರ ರಾತ್ರಿಯೂ 25ರ ಬೆಳಿಗ್ಗೆಯೂ ಮನೆಯವರ ಕೈಗೆ ಸಿಗುವುದಿಲ್ಲ. ಒಂದು ಕಾಲಕ್ಕೆ ಶಿವಾಜಿನಗರ, ಫ್ರೇಜರ್ ಟೌನ್‌ಗಳ ಅಕ್ಕಪಕ್ಕದ ಬೀದಿಗಳಲ್ಲಿದ್ದ ಅಣ್ಣತಮ್ಮಂದಿರು ಈಗ ಹಲಸೂರು, ಇಂದಿರಾನಗರ, ಕೆ.ಆರ್. ಪುರ, ವೈಟ್‌ಫೀಲ್ಡ್ ಎಂದು ಪೂರ್ವಕ್ಕೆ ಹರಡಿಕೊಂಡಿದ್ದಾರೆ. ಹಾಗಾಗಿ ಡಿಸೆಂಬರ್ ನಡುವಿನಲ್ಲೇ ಒಂದು ದಿನ ಗೊತ್ತುಮಾಡಿ ಎಲ್ಲರೂ ಕೂಡಿ ಉಣ್ಣುವ ದಾರಿಯನ್ನು ಅನೇಕ ಮನೆಗಳು ಹಿಡಿದಿವೆ. ಇದು ಸಲೀಸಾಗಿ ನಡೆಯಬೇಕಾದರೆ ಹಬ್ಬದಲ್ಲಿ ಯಾವುದನ್ನು ಮೊದಲೇ ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದು ಮೊದಲು ತೀರ್ಮಾನವಾಗಬೇಕು.

ಊಟ ಮೊದಲೇ ಆಗಲಿ, ಪೂಜೆ ಅದರ ದಿನಕ್ಕೇ ಇರಲಿ

ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಅವಧಿ ಚರ್ಚಿನ ಲೆಕ್ಕದಲ್ಲಿ ಆಗಮನ ಕಾಲ. ಅದು ಕಾಯುವ ಕಾಲ. ಕಥೋಲಿಕ ಚರ್ಚುಗಳಲ್ಲಿ ಗುರುಗಳ ಉಡುಪು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆ ಹಾಡುವುದಿಲ್ಲ. ಕ್ರಿಸ್‌ಮಸ್ ಬಲಿಪೂಜೆ ಶುರುವಾಗುವುದು 24ರ ಸಂಜೆಯ ಜಾಗರಣೆಯಿಂದ. ‘ನಮ್ಮ ಮನೆಯವರೆಲ್ಲ 13ಕ್ಕೆ ಸೇರುತ್ತೇವೆ, ಅವತ್ತೇ ಕ್ರಿಸ್‌ಮಸ್ ಪೂಜೆ ಇಟ್ಟುಕೊಡಿ ಫಾದರ್’ ಎಂದು ಕೇಳಿ ಪ್ರಯೋಜನವಿಲ್ಲ. ಊಟ, ಹಾಡು, ಉಡುಗೊರೆ, ಹಿರಿಯರ ಆಶೀರ್ವಾದ ಇವು ಮನೆಯ ಪಾಲಿನವು, ಅವಕ್ಕೆ ಯಾರ ಅಡ್ಡಿಯೂ ಇಲ್ಲ. ಸಿ.ಎಸ್.ಐ. ಮತ್ತಿತರ ಪ್ರೊಟೆಸ್ಟಂಟ್ ಸಭೆಗಳಂತೂ ಕ್ಯಾರಲ್ ಆರಾಧನೆಯನ್ನು ಡಿಸೆಂಬರ್ 25ಕ್ಕೆ ಮುಂಚೆಯೇ ಇಟ್ಟುಕೊಳ್ಳುತ್ತವೆ.

ಮನೆಯೊಳಗೂ ಈ ವ್ಯತ್ಯಾಸ ಉಳಿಸಿಕೊಳ್ಳಬಹುದು. ಗೋದಲಿ ಕಟ್ಟಿ, ಮರಿಯಮ್ಮ, ಜೋಸೆಫ್, ಕುರುಬರು, ದನಕರು ಎಲ್ಲ ಇಡಿ. ಬಾಲಯೇಸುವಿನ ಮೂರ್ತಿಯನ್ನು ಮಾತ್ರ 24ರ ರಾತ್ರಿಗೇ ಬಿಡಿ. ಮನೆಯ ಪ್ರಾರ್ಥನೆಗೆ ಲೂಕನ ಮೊದಲನೆಯ ಅಧ್ಯಾಯದ ದೇವದೂತನ ಸಂದೇಶ ಓದಿ, ಜನನದ ಕಥೆ ಇರುವ ಎರಡನೆಯ ಅಧ್ಯಾಯವನ್ನು 25ಕ್ಕೆ ಉಳಿಸಿ. ‘ಹಬ್ಬಕ್ಕೆ ಮೊದಲೇ ಹಬ್ಬವೇ?’ ಎನ್ನುವ ಹಿರಿಯರ ಆಕ್ಷೇಪ ಇಷ್ಟರಿಂದಲೇ ತಣ್ಣಗಾಗುತ್ತದೆ. ಬೇರೆಡೆ ತಾರೀಖುಗಳೇ ಬೇರೆ ಎಂಬುದನ್ನೂ ಅವರಿಗೆ ನೆನಪಿಸಬಹುದು. ಡಚ್ಚರ ಮಕ್ಕಳಿಗೆ ಉಡುಗೊರೆ ಸಿಗುವುದು ಸಂತ ನಿಕೊಲಾಸನ ಹಬ್ಬಕ್ಕೆ, ಅಂದರೆ ಡಿಸೆಂಬರ್ 5-6ರ ಹೊತ್ತಿಗೆ. ರಷ್ಯದ ಆರ್ಥಡಾಕ್ಸ್ ಚರ್ಚು ಕ್ರಿಸ್‌ಮಸ್ ಆಚರಿಸುವುದು ಜನವರಿ 7ಕ್ಕೆ.

ಯಾವ ದಿನ?

ಎಲ್ಲರಿಗೂ ಅನುಕೂಲವಾದ ದಿನವನ್ನು ಹುಡುಕಲು ಹೋದರೆ ಸಿಗುವುದಿಲ್ಲ. ಕುಟುಂಬದಲ್ಲಿ ಯಾರ ಕೈ ಹೆಚ್ಚು ಕಟ್ಟಿದೆಯೋ ಅವರನ್ನು ಮೊದಲು ಕೇಳಿ: ಪಾಳಿಯ ನರ್ಸ್, ಪೊಲೀಸ್, ರೈಲ್ವೆ ನೌಕರ, ಪರದೇಶದಿಂದ ಬರುವವರು. ಅವರು ಹೇಳುವ ಎರಡು ಮೂರು ದಿನಗಳಲ್ಲಿ ಒಂದನ್ನು ಉಳಿದವರು ಒಪ್ಪಿಕೊಳ್ಳಬೇಕು. ಐಟಿ ಕಂಪನಿಯವರಿಗೆ ವರ್ಷದ ಕೊನೆಯಲ್ಲಿ ರಜೆ ಸಿಗುವುದೇ ಹೆಚ್ಚು, ಅವರ ಮಾತನ್ನು ಕೊನೆಗೆ ಕೇಳಿದರೆ ಸಾಕು.

ಬಹಳ ಮನೆಗಳಿಗೆ ಹೊಂದುವುದು ಆಗಮನ ಕಾಲದ ಮೂರನೆಯ ಭಾನುವಾರ. ಅದು ಸಂತೋಷದ ಭಾನುವಾರ. ಚರ್ಚಿನಲ್ಲೇ ಅಂದು ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುತ್ತಾರೆ. 2026ರಲ್ಲಿ ಕ್ರಿಸ್‌ಮಸ್ ಶುಕ್ರವಾರ ಬರುವುದರಿಂದ ಆ ಭಾನುವಾರ ಡಿಸೆಂಬರ್ 13. ಅದರ ಮುಂದಿನ 20ನೆಯ ತಾರೀಖು ಹಬ್ಬಕ್ಕೆ ತೀರಾ ಹತ್ತಿರ. ಊರಿಗೆ ಹೊರಡುವವರ ಗಂಟುಮೂಟೆ, ಗಾಯನವೃಂದದ ಅಭ್ಯಾಸ, ಮನೆಮನೆಗೆ ಕ್ಯಾರಲ್ ಹೊರಡುವ ಯುವಕರ ರಾತ್ರಿಗಳು ಎಲ್ಲ ಅದೇ ವಾರಕ್ಕೆ ಬೀಳುತ್ತವೆ.

ಶನಿವಾರ ಬೇಡ ಎನ್ನುವುದಕ್ಕೆ ಪೂರ್ವ ಬೆಂಗಳೂರಿನಲ್ಲಿ ಒಂದು ಕಾರಣವಿದೆ. ಹಳೇ ಮದ್ರಾಸ್ ರಸ್ತೆಯ ದೂರವಾಣಿನಗರದಲ್ಲಿ ಲೌರಿ ಸಂಸ್ಥೆಯ ಸುತ್ತ ಸೆವೆಂತ್ ಡೇ ಅಡ್ವೆಂಟಿಸ್ಟ್ ಕುಟುಂಬಗಳಿವೆ. ಅವರಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್. ಬೀಗರಲ್ಲಿ ಅವರಿದ್ದರೆ ಶನಿವಾರದ ಮಧ್ಯಾಹ್ನಕ್ಕೆ ಕರೆಯುವಂತಿಲ್ಲ.

ದಿನ ಗೊತ್ತುಮಾಡಲು ಒಳ್ಳೆಯ ಹೊತ್ತು ಸೆಪ್ಟೆಂಬರ್. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಮಾತೆಯ ಹಬ್ಬ ನಡೆಯುವುದು ಸೆಪ್ಟೆಂಬರ್ 8ಕ್ಕೆ. ತೇರು ನೋಡಲು ನಾನಾ ಬಡಾವಣೆಗಳಿಂದ ನೆಂಟರಿಷ್ಟರು ಹೇಗೂ ಒಂದೆಡೆ ಸೇರಿರುತ್ತಾರೆ. ಅವತ್ತಿನ ಮಾತುಕತೆಯಲ್ಲೇ ಡಿಸೆಂಬರಿನ ದಿನ ಇತ್ಯರ್ಥವಾದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ವಾರಗಟ್ಟಲೆ ಎಳೆದಾಡುವುದು ತಪ್ಪುತ್ತದೆ. ರೈಲು ಟಿಕೆಟ್ ಬೇಕಾದವರಿಗೂ ಅಷ್ಟು ಮುಂಚೆ ಗೊತ್ತಾಗಬೇಕು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60ಕ್ಕೆ ಇಳಿದಿದೆ. ಡಿಸೆಂಬರ್ 23ರ ರೈಲಿಗೆ ಬುಕಿಂಗ್ ತೆರೆಯುವುದು ಅಕ್ಟೋಬರ್ 24ಕ್ಕೆ. ಕೇರಳದ ಕಡೆಯ ರೈಲುಗಳಲ್ಲಿ ಆ ವಾರದ ಸೀಟು ಬೇಗ ತುಂಬುತ್ತದೆ. 13ಕ್ಕೆ ಕೂಡಿ ಉಂಡು 15ಕ್ಕೋ 16ಕ್ಕೋ ಹೊರಡುವವರಿಗೆ ಆ ಕಷ್ಟವಿಲ್ಲ.

ಎಲ್ಲಿ?

ಹಿರಿಯರ ಮನೆ ಎಂಬುದು ರೂಢಿ. ಆದರೆ ಹಳೆಯ ಹೆಂಚಿನ ಮನೆ ಹೋಗಿ ಎರಡು ಕೋಣೆಯ ಫ್ಲ್ಯಾಟ್ ಬಂದಿರುವಲ್ಲಿ ಮೂವತ್ತು ಜನಕ್ಕೆ ಜಾಗವಿಲ್ಲ. ಆಗ ಚರ್ಚಿನ ಹಾಲ್ ವಿಚಾರಿಸಿ. ಆಗಮನ ಕಾಲದಲ್ಲಿ ಕಥೋಲಿಕರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಪರದೇಶದವರೆಲ್ಲ ಊರಲ್ಲಿರುವಾಗ ಮದುವೆ ಮುಗಿಸಬೇಕೆಂದು ಕ್ರಿಸ್‌ಮಸ್ ಕಳೆದ ಕೂಡಲೇ ಹಾಲ್‌ಗಳಿಗೆ ನೂಕುನುಗ್ಗಲು. ಡಿಸೆಂಬರ್ ಮೊದಲ ಎರಡು ವಾರಗಳಲ್ಲಿ ಹಾಲ್ ಆಗಲಿ ಅಡುಗೆಯವರಾಗಲಿ ಸಿಗುವ ಸಾಧ್ಯತೆ ಹೆಚ್ಚು. ಚರ್ಚಿನದೇ ಮಕ್ಕಳ ಕಾರ್ಯಕ್ರಮ, ಯುವಕರ ಕೂಟ ಇಲ್ಲದ ದಿನ ನೋಡಿಕೊಳ್ಳಬೇಕು ಅಷ್ಟೆ.

ಸ್ಥಳ ಆರಿಸುವಾಗ ನೇರಳೆ ಮಾರ್ಗದ ಮೆಟ್ರೊ ನೆನಪಿರಲಿ. ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ತುಂಡು 2023ರ ಅಕ್ಟೋಬರ್ 9ರಂದು ತೆರೆದ ಮೇಲೆ ವೈಟ್‌ಫೀಲ್ಡ್, ಕೆ.ಆರ್. ಪುರ, ಇಂದಿರಾನಗರ, ಹಲಸೂರು, ಎಂ.ಜಿ. ರಸ್ತೆ ಒಂದೇ ಸಾಲಿನಲ್ಲಿ ಸಿಗುತ್ತವೆ. ಕೆ.ಆರ್. ಪುರದ ತೂಗುಸೇತುವೆಯ ಟ್ರಾಫಿಕ್‌ನಲ್ಲಿ ಕಾರು ಸಿಕ್ಕಿಹಾಕಿಕೊಳ್ಳುವ ಗೋಳು ಇಲ್ಲ. ಹಿರಿಯರ ಮನೆ ಶಿವಾಜಿನಗರದಲ್ಲಿದ್ದರೆ ಎಂ.ಜಿ. ರಸ್ತೆಯಲ್ಲಿ ಇಳಿದು ಆಟೊ ಹಿಡಿಯುವುದು ಮೇಲು. ಡಿಸೆಂಬರಿನ ಭಾನುವಾರ ಕಮರ್ಷಿಯಲ್ ಸ್ಟ್ರೀಟ್, ರಸೆಲ್ ಮಾರ್ಕೆಟ್ ಸುತ್ತ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ.

ಯಾರು ಏನು ತಿನ್ನುತ್ತಾರೆ?

ದಂಡಿನ ಕುಟುಂಬಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳ, ಆಂಗ್ಲೋ-ಇಂಡಿಯನ್ ಎಲ್ಲ ಬೆರೆತಿರುತ್ತವೆ. 25ರಂದು ಏಳದ ಪ್ರಶ್ನೆಯೊಂದು 13ರಂದು ಏಳುವುದು ಇಲ್ಲಿಯೇ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಡಿಸೆಂಬರ್ 1ರಿಂದ ಹಬ್ಬದವರೆಗೆ ಇಪ್ಪತ್ತೈದು ದಿನಗಳ ನೋಂಬು ಹಿಡಿಯುವವರಿದ್ದಾರೆ. ಅವರು ಮಾಂಸ ಮುಟ್ಟುವುದಿಲ್ಲ, ಕೆಲವರು ಮೀನು-ಮೊಟ್ಟೆಯನ್ನೂ ಬಿಡುತ್ತಾರೆ. ಆ ಸೊಸೆಯ ಮುಂದೆ ಹಂದಿ ವಿಂದಾಲು ಇಟ್ಟು ‘ಒಂದು ದಿನಕ್ಕೇನಾಗುತ್ತೆ, ತಿನ್ನಮ್ಮಾ’ ಎನ್ನುವುದು ಸರಿಯಲ್ಲ. ಅಪ್ಪಂ, ತೆಂಗಿನಹಾಲಿನ ತರಕಾರಿ ಸ್ಟೂ ಮಾಡಿ, ಅವಳ ಪಾಲಿನ ಕೇಕನ್ನು 25ಕ್ಕೆಂದು ಕಟ್ಟಿಕೊಡಿ. ಅಡ್ವೆಂಟಿಸ್ಟರಿಗೆ ಹಂದಿಮಾಂಸವೂ ಮದ್ಯವೂ ವರ್ಜ್ಯ. ಹಿಂದೂ, ಮುಸ್ಲಿಂ ನೆರೆಹೊರೆಯವರನ್ನು ಕರೆಯುತ್ತಿದ್ದರೆ ಅವರ ಪಾತ್ರೆ ಸೌಟು ಬೇರೆ ಇಡಿ. ಮೊದಲೇ ಕೇಳಿ ಒಂದು ಪಟ್ಟಿ ಮಾಡಿಕೊಂಡರೆ ಊಟದ ಹೊತ್ತಿಗೆ ಯಾರಿಗೂ ಇರಿಸುಮುರಿಸಾಗದು.

ಖರ್ಚನ್ನು ತಲೆಗಿಷ್ಟು ಎಂದು ವಸೂಲಿ ಮಾಡುವುದಕ್ಕಿಂತ ಮನೆಗೊಂದು ಬಾಬತ್ತು ವಹಿಸುವುದು ಒಳ್ಳೆಯದು: ಒಬ್ಬರದು ಬಿರಿಯಾನಿ, ಒಬ್ಬರದು ವಿಂದಾಲು, ಒಬ್ಬರದು ಕೇಕು, ಒಬ್ಬರದು ಎಲೆ-ನೀರು-ಐಸ್‌ಕ್ರೀಮು. ಪಿಂಚಣಿಯಲ್ಲಿರುವ ಹಿರಿಯರಿಗೆ ಯಾವ ಭಾರವೂ ಬೇಡ. ಬಿರಿಯಾನಿಗೆ ಒಂದು ಕೆ.ಜಿ. ಅಕ್ಕಿ ಎಂಟರಿಂದ ಹತ್ತು ಜನಕ್ಕೆ ಎಂದು ಲೆಕ್ಕ ಹಿಡಿಯಿರಿ.

ಅಡುಗೆಮನೆಯ ಕ್ಯಾಲೆಂಡರ್

ಊಟ 13ಕ್ಕೆ ಎಂದಾದರೆ ಅಡುಗೆಯ ಕೆಲಸವೂ ಎರಡು ವಾರ ಮೊದಲಾಗುತ್ತದೆ.

ಅಕ್ಟೋಬರ್ ಕೊನೆ: ದ್ರಾಕ್ಷಿ, ಖರ್ಜೂರ, ಚೆರ್ರಿ, ಕಿತ್ತಳೆ ಸಿಪ್ಪೆಯ ಚೂರುಗಳನ್ನು ರಮ್‌ನಲ್ಲಿ ನೆನೆಹಾಕಿ ಗಾಜಿನ ಭರಣಿಯಲ್ಲಿಡಿ. ಮದ್ಯ ಬೇಡವೆನ್ನುವವರು ಕಿತ್ತಳೆ ರಸದಲ್ಲಿ ನೆನೆಸಬಹುದು. ಆದರೆ ಅದು ವಾರಗಟ್ಟಲೆ ಇಡುವಂಥದ್ದಲ್ಲ, ಕೇಕು ಮಾಡುವ ಹಿಂದಿನ ದಿನ ನೆನೆಸಿ ಫ್ರಿಜ್‌ನಲ್ಲಿಡಿ.

ನವೆಂಬರ್ ಕೊನೆ: ಕೇಕು ಬೇಯಿಸಿ. ಮನೆಯಲ್ಲಿ ಕಲಸಿದ ಹಿಟ್ಟನ್ನು ಬೀದಿಯ ಬೇಕರಿಗೆ ಒಯ್ದು ಅವರ ಒಲೆಯಲ್ಲಿ ಬೇಯಿಸಿಕೊಂಡು ಬರುವುದು ದಂಡಿನ ಹಳೆಯ ರೂಢಿ. ಡಿಸೆಂಬರ್ 20ರ ಮೇಲೆ ಬೇಕರಿಯವರಿಗೆ ಉಸಿರಾಡಲೂ ಬಿಡುವಿಲ್ಲ, ನವೆಂಬರಿನಲ್ಲಿ ಹೋದರೆ ಒಲೆ ಸಿಗುತ್ತದೆ. ಕೊಳ್ಳುವವರಿಗೆ ಫ್ರೇಜರ್ ಟೌನ್‌ನಲ್ಲಿ 1902ರಿಂದ ನಡೆಯುತ್ತಿರುವ ಆಲ್ಬರ್ಟ್ ಬೇಕರಿ ಇದೆ, ಥಾಮ್ಸ್ ಬೇಕರಿಯೂ ಇದೆ. ಮೊದಲೇ ಆರ್ಡರ್ ಕೊಡಿ.

ಒಂದು ವಾರ ಮೊದಲು: ಕುಸ್ವಾರ್, ಅಂದರೆ ಹಬ್ಬದ ಕುರುಕಲು. ಕುಲ್‌ಕುಲ್‌ಗೆ ಮೈದಾ, ಮೊಟ್ಟೆ, ತೆಂಗಿನಹಾಲಿನ ಹಿಟ್ಟು ನಾದಿ, ಪುಟ್ಟ ಉಂಡೆಗಳನ್ನು ಫೋರ್ಕಿನ ಬೆನ್ನಿಗೆ ಇಲ್ಲವೇ ಹೊಸ ಬಾಚಣಿಗೆಗೆ ಒತ್ತಿ ಸುರುಳಿ ಸುತ್ತಿ ಕರಿದು ಸಕ್ಕರೆ ಪಾಕ ಹಿಡಿಸುತ್ತಾರೆ. ಇದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ, ಮಕ್ಕಳನ್ನು ಸೇರಿಸಿಕೊಂಡು ಒಂದು ಮಧ್ಯಾಹ್ನ ಕೂರಬೇಕು. ಅಚ್ಚು ಮುರುಕಿಗೆ ಕಬ್ಬಿಣದ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾದಿರಬೇಕು. ಅಚ್ಚನ್ನು ಹಿಟ್ಟಿನಲ್ಲಿ ಪೂರ್ತಿ ಮುಳುಗಿಸಬಾರದು. ಅಂಚಿನ ಮೇಲೆ ಹಿಟ್ಟು ಹತ್ತಿದರೆ ಹೂವು ಅಚ್ಚು ಬಿಟ್ಟು ಬರುವುದಿಲ್ಲ. ಕರ್ಜಿಕಾಯಿ, ಕಜ್ಜಾಯ, ಚಕ್ಕುಲಿ ಇವಕ್ಕೆ ಹೇಳಿಕೊಡಬೇಕಾಗಿಲ್ಲ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಒಣ ಕುರುಕಲು 25ರವರೆಗೂ ಗರಿಗರಿ.

ಹಿಂದಿನ ದಿನ: ವಿಂದಾಲು. ವಿನೆಗರ್ ಮಸಾಲೆ ಮಾಂಸಕ್ಕೆ ಇಳಿಯಲು ಒಂದು ರಾತ್ರಿ ಬೇಕು, ಮಾರನೆಯ ದಿನವೇ ರುಚಿ. ಶುಂಠಿ, ಒಣಮೆಣಸಿನಕಾಯಿ, ನಿಂಬೆ, ಸಕ್ಕರೆ ಕುದಿಸಿ ಮಾಡುವ ಶುಂಠಿ ವೈನನ್ನೂ ಅಂದೇ ಮಾಡಿಡಿ. ಹೆಸರಿಗೆ ವೈನ್, ಅಮಲು ಇಲ್ಲ, ಮಕ್ಕಳೂ ಕುಡಿಯಬಹುದು.

ಅದೇ ದಿನ: ಹಳದಿ ತೆಂಗಿನಹಾಲಿನ ಅನ್ನ, ಖೀಮಾ ಉಂಡೆಯ ಸಾರು, ಬಿರಿಯಾನಿ.

ಆ ದಿನದ ಕ್ರಮ

ಬೆಳಿಗ್ಗೆ ಅವರವರ ಭಾಷೆಯ, ಅವರವರ ಚರ್ಚಿನ ಪೂಜೆ-ಆರಾಧನೆ ಮುಗಿಸಿಕೊಂಡು ಹನ್ನೆರಡರ ಹೊತ್ತಿಗೆ ಬಂದು ಸೇರಿದರೆ ಸಾಕು. ಬಾಗಿಲಿಗೆ ಕಾಗದದ ನಕ್ಷತ್ರ, ಮೂಲೆಯಲ್ಲಿ ಮರ. ಬೆಂಗಳೂರಿನಲ್ಲಿ ಕ್ರಿಸ್‌ಮಸ್ ಮರವೆಂದು ನರ್ಸರಿಯವರು ಕೊಡುವುದು ಹೆಚ್ಚಾಗಿ ಅರಾಕೇರಿಯಾ. ಕುಂಡದ ಸಮೇತ ತಂದರೆ ಮುಂದಿನ ವರ್ಷಕ್ಕೂ ಬರುತ್ತದೆ. ಊಟಕ್ಕೆ ಮೊದಲು ಚಿಕ್ಕ ಪ್ರಾರ್ಥನೆ, ಆ ವರ್ಷ ತೀರಿಕೊಂಡವರ ಹೆಸರು ಹೇಳುವುದು, ಎಲ್ಲ ಭಾಷೆಗಳಲ್ಲಿ ಒಂದೊಂದು ಹಾಡು. ಉಡುಗೊರೆಗೆ ಚೀಟಿ ಎತ್ತುವ ಪದ್ಧತಿ ಇಟ್ಟುಕೊಂಡು ಮೊತ್ತಕ್ಕೆ ಒಂದು ಮಿತಿ ಹಾಕಿದರೆ ಮೂವತ್ತು ಜನರಿಗೆ ಮೂವತ್ತು ಪೊಟ್ಟಣ ಕಟ್ಟುವುದು ತಪ್ಪುತ್ತದೆ. ಸಂಜೆಗೆ ಹಾಡು ಕುಣಿತ ಬೆಳೆದರೆ ರಾತ್ರಿ ಹತ್ತಕ್ಕೆ ಸ್ಪೀಕರ್ ನಿಲ್ಲಿಸಿ. ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ತಡೆಯುತ್ತವೆ.

ಇಪ್ಪತ್ತೈದಕ್ಕೆ ಉಳಿಯುವವರು

ಹಬ್ಬದೂಟ ಮೊದಲೇ ಮುಗಿಸುವ ಮನೆಗಳು ಮರೆಯುವ ಸಂಗತಿಯೊಂದಿದೆ. ಎಲ್ಲರೂ ಕೂಡಿ ಉಂಡೆವೆಂಬ ಸಮಾಧಾನದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. 24ರ ರಾತ್ರಿ ಮಂಜಿನಲ್ಲಿ ಒಂಟಿಯಾಗಿ ಪೂಜೆಗೆ ಹೋಗಲಾರದ ಅಜ್ಜಿ, ಹೆಂಡತಿಯನ್ನು ಕಳೆದುಕೊಂಡ ದೊಡ್ಡಪ್ಪ 25ರಂದು ಟಿ.ವಿ. ಮುಂದೆ ಒಬ್ಬರೇ ಕೂತಿರುತ್ತಾರೆ. ಹಿರಿಯರಿಗೆ ಬೇಕಾದ ಕ್ರಿಸ್‌ಮಸ್ ಆ ತಾರೀಖಿನದ್ದೇ. 13ರ ಊಟ ಎಷ್ಟು ದೊಡ್ಡದಾದರೂ ಅದರ ಬದಲಿಗೆ ನಿಲ್ಲುವುದಿಲ್ಲ. ಆದ್ದರಿಂದ ಬಾಬತ್ತುಗಳ ಪಟ್ಟಿಯಲ್ಲಿ ಬಿರಿಯಾನಿ, ಕೇಕಿನ ಕೆಳಗೆ ಇನ್ನೆರಡು ಸಾಲು ಬರೆಯಿರಿ: 24ರ ರಾತ್ರಿ ಅವರನ್ನು ಚರ್ಚಿಗೆ ಕರೆದೊಯ್ಯುವವರು ಯಾರು, 25ರ ಮಧ್ಯಾಹ್ನ ಅವರ ಜೊತೆ ಉಣ್ಣುವವರು ಯಾರು. ಎರಡಕ್ಕೂ ಹೆಸರು ಸಿಗದಿದ್ದರೆ 13ಕ್ಕೆ ಹಾಲ್ ಬುಕ್ ಮಾಡಬೇಡಿ.