ಪೊಲೀಸ್ ರೇಡಿಯೋಗೆ ಬೀಗ: ಕೀಲಿಕೈ ಯಾರ ಹತ್ರ?

ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿಕೊಂಡಾಗ ಪಕ್ಕದ ಟ್ರಾಫಿಕ್ ಪೊಲೀಸರ ವಾಕಿ-ಟಾಕಿ ಕರಕರ ಅನ್ನೋದನ್ನ ನಾವೆಲ್ಲ ಕೇಳಿದ್ದೇವೆ. ಅರ್ಧಂಬರ್ಧ ಮಾತು ಕಿವಿಗೆ ಬೀಳುವಷ್ಟರಲ್ಲಿ ಹಸಿರು ದೀಪ ಬಂದಿರುತ್ತೆ. ನಮ್ಮಲ್ಲಿ ಅದಕ್ಕಿಂತ ಹೆಚ್ಚು ಕೇಳುವ ರೂಢಿ ಬೆಳೆಯಲೇ ಇಲ್ಲ. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಸೆಟ್ ಇಟ್ಟುಕೊಳ್ಳುವುದೇ ತಪ್ಪು.

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ ಜನ ಮನೆಯಲ್ಲಿ ಕೂತು ಪೊಲೀಸ್ ರೇಡಿಯೋ ಕೇಳುತ್ತಾ ಬಂದು ಸುಮಾರು ತೊಂಬತ್ತು ವರ್ಷಗಳಾದವು. ಈಗ ಒಂದೊಂದೇ ನಗರ ಅದಕ್ಕೆ ಎನ್‌ಕ್ರಿಪ್ಶನ್ ಎಂಬ ಬೀಗ ಹಾಕುತ್ತಿದೆ. ಬೀಗ ಹಾಕಬೇಕಾ, ಬೇಡವಾ ಅನ್ನುವ ಜಗಳ ಅಲ್ಲಿ ಜೋರಾಗಿ ನಡೀತಾ ಇದೆ. ನಾಳೆ ಇಂಥ ವ್ಯವಸ್ಥೆಗಳನ್ನು ಡಿಸೈನ್ ಮಾಡುವವರು ನಾವೇ ಆದ್ದರಿಂದ ಅದರ ಒಳಗುಟ್ಟು ಸ್ವಲ್ಪ ನೋಡೋಣ.

ಕೇಳುವ ಅಭ್ಯಾಸ ಶುರುವಾಗಿದ್ದು ಹೇಗೆ?

1928ರಲ್ಲಿ ಡೆಟ್ರಾಯ್ಟ್ ಪೊಲೀಸರು ಗಸ್ತು ಕಾರುಗಳಲ್ಲಿ ರೇಡಿಯೋ ರಿಸೀವರ್ ಕೂರಿಸಿದರು. ಆಗ ಅದು ಒನ್-ವೇ. ಠಾಣೆಯಿಂದ ಹೇಳುತ್ತಾರೆ, ಕಾರಿನಲ್ಲಿರುವವರು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಎಂಬ ಊರಿನಲ್ಲಿ ಎರಡೂ ಕಡೆಯಿಂದ ಮಾತಾಡುವ ವ್ಯವಸ್ಥೆ ಬಂತು. ಗಾಳಿಯಲ್ಲಿ ಹೋಗುವ ಸಿಗ್ನಲ್ ಇಂಥವರಿಗೇ ಅಂತ ಹೋಗೋದಿಲ್ಲವಲ್ಲ, ಅದೇ ಫ್ರೀಕ್ವೆನ್ಸಿಗೆ ಟ್ಯೂನ್ ಮಾಡಿದವರಿಗೆಲ್ಲ ಕೇಳುತ್ತಿತ್ತು. ನ್ಯೂಯಾರ್ಕಿನ ಪ್ರಸಿದ್ಧ ಛಾಯಾಗ್ರಾಹಕ ವೀಜಿ 1938ರಲ್ಲಿ ಅನುಮತಿ ಪಡೆದು ತನ್ನ ಕಾರಿನಲ್ಲೇ ಪೊಲೀಸ್ ರೇಡಿಯೋ ಇಟ್ಟುಕೊಂಡಿದ್ದ. ಪತ್ರಿಕೆಯವರಿಗೆ ಸ್ಕ್ಯಾನರ್ ಅನ್ನುವುದು ಪೆನ್ನು, ನೋಟ್‌ಬುಕ್ ಇದ್ದ ಹಾಗೆ ಆಗಿಹೋಯ್ತು.

ಡಿಜಿಟಲ್ ಅಂದ್ರೆ ಗುಪ್ತ ಅಂತಲ್ಲ

ಇಲ್ಲಿ ತುಂಬಾ ಜನ ಎಡವುತ್ತಾರೆ. ಅಮೆರಿಕದ ಪೊಲೀಸರು ಹೆಚ್ಚಾಗಿ ಬಳಸುವ ಡಿಜಿಟಲ್ ಮಾನದಂಡ ಪಿ25. ಇದರಲ್ಲಿ ಮಾತನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ 88 ಬಿಟ್‌ಗಳಿಗೆ ಇಳಿಸಿ ಕಳಿಸುತ್ತಾರೆ. ಇಷ್ಟೇ ಆಗಿದ್ರೆ ಡಿಜಿಟಲ್ ಸ್ಕ್ಯಾನರ್ ಇದ್ದ ಯಾರು ಬೇಕಾದರೂ ಅದನ್ನ ಮತ್ತೆ ಮಾತಾಗಿಸಿ ಕೇಳಬಹುದು.

ಎನ್‌ಕ್ರಿಪ್ಶನ್ ಇದರ ಮೇಲಿನ ಇನ್ನೊಂದು ಹೆಜ್ಜೆ. 256 ಬಿಟ್‌ನ ಒಂದು ಕೀಲಿಯಿಂದ ಎಇಎಸ್ ವಿಧಾನದಲ್ಲಿ ಬಿಟ್‌ಗಳ ಸರಮಾಲೆ ಹುಟ್ಟಿಸಿ, ಮಾತಿನ ಬಿಟ್‌ಗಳ ಜೊತೆ ಎಕ್ಸ್-ಆರ್ ಮಾಡುತ್ತಾರೆ. ಎರಡನೇ ಸೆಮಿಸ್ಟರಿನಲ್ಲಿ ನಾವು ಕಲಿತ ಅದೇ ಎಕ್ಸ್-ಆರ್! ಅದೇ ಕೀಲಿ ಇರುವ ರೇಡಿಯೋಗೆ ಮಾತು ಕೇಳುತ್ತೆ, ಉಳಿದವಕ್ಕೆ ಬರೀ ಗದ್ದಲ. ನೆನಪಿಡಿ, ಆ ಉಳಿದವುಗಳಲ್ಲಿ ಪಕ್ಕದ ಊರಿನ ಪೊಲೀಸರೂ, ಅಗ್ನಿಶಾಮಕ ದಳದವರೂ ಇರಬಹುದು. ಕೀಲಿ ಹಂಚಿಕೊಳ್ಳದಿದ್ದರೆ ಅವರೂ ಹೊರಗಿನವರೇ.

ಎರಡೂ ಕಡೆ ನ್ಯಾಯ ಇದೆ

ಪೊಲೀಸರ ವಾದವನ್ನು ತಳ್ಳಿಹಾಕೋಕೆ ಆಗಲ್ಲ. ಮೊದಲು ಕೇಳಬೇಕಂದ್ರೆ ಸ್ಕ್ಯಾನರ್ ಕೊಳ್ಳಬೇಕಿತ್ತು, ಈಗ ಮೊಬೈಲ್ ಆ್ಯಪ್ ಸಾಕು. ಕಳ್ಳತನ ಮಾಡುವವನೂ ಪೊಲೀಸರು ಎಲ್ಲಿದ್ದಾರೆ ಅಂತ ಕೇಳುತ್ತಲೇ ಇರಬಹುದು. ಅದಕ್ಕಿಂತ ಮುಖ್ಯವಾಗಿ, ರೇಡಿಯೋದಲ್ಲಿ ಹೋಗುವುದು ಪೊಲೀಸರ ವಿಷಯ ಮಾತ್ರ ಅಲ್ಲ. ಗಂಡನಿಂದ ಪೆಟ್ಟು ತಿಂದ ಹೆಂಗಸಿನ ವಿಳಾಸ, ಆತ್ಮಹತ್ಯೆಗೆ ಯತ್ನಿಸಿದ ಹುಡುಗನ ಹೆಸರು, ಇವನ್ನೆಲ್ಲ ಊರಿಡೀ ಕೇಳಬೇಕಾ?

ಕೇಳುವವರ ವಾದಕ್ಕೂ ಅಷ್ಟೇ ತೂಕ ಇದೆ. ಬೀದಿಯಲ್ಲಿ ಗುಂಡು ಹಾರಿದರೆ ಎಲ್ಲಿ ಅಂತ ತಕ್ಷಣ ಗೊತ್ತಾಗಬೇಕು. ಪೊಲೀಸರಿಂದಲೇ ತಪ್ಪಾದಾಗ ಹೊರಗಿನ ಒಂದು ಕ್ಯಾಮೆರಾ ಸ್ಥಳಕ್ಕೆ ಬರಬೇಕು. ಬೀಗ ಹಾಕಿದ ಮೇಲೆ, ಪೊಲೀಸರು ಹೇಳಿದಾಗ, ಹೇಳಿದಷ್ಟೇ ಸುದ್ದಿ.

ಒಂದೊಂದು ಊರು ಒಂದೊಂದು ದಾರಿ

ಡೆನ್ವರ್ 2019ರಲ್ಲಿ ಪೂರ್ತಿ ಬೀಗ ಹಾಕಿತು. ನ್ಯೂಯಾರ್ಕ್ 2023ರ ಜುಲೈನಲ್ಲಿ ಬ್ರೂಕ್ಲಿನ್ ಭಾಗದಿಂದ ಶುರುಮಾಡಿತು. ಶಿಕಾಗೋ 30 ನಿಮಿಷ ತಡವಾಗಿ ಜನರಿಗೆ ಕೇಳಿಸುವ ದಾರಿ ಹಿಡಿಯಿತು. ಕೇಳೋಕೆ ಚೆನ್ನಾಗಿದೆ, ಆದರೆ ಅರ್ಧ ಗಂಟೆ ಆದ್ಮೇಲೆ 'ಆ ರಸ್ತೆ ಕಡೆ ಹೋಗಬೇಡಿ' ಅಂತ ತಿಳಿದು ಏನು ಪ್ರಯೋಜನ?

ನಮಗೆ ತುಂಬಾ ಹಿಡಿಸಿದ್ದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಕಥೆ. 2020ರ ಅಕ್ಟೋಬರಿನಲ್ಲಿ ರಾಜ್ಯದ ನ್ಯಾಯ ಇಲಾಖೆ, ಜನರ ಖಾಸಗಿ ವಿವರ ರೇಡಿಯೋದಲ್ಲಿ ಬಯಲಾಗಬಾರದು ಎಂದು ಸೂಚಿಸಿ ಎರಡು ದಾರಿ ಕೊಟ್ಟಿತು: ಎನ್‌ಕ್ರಿಪ್ಟ್ ಮಾಡಿ, ಇಲ್ಲವೇ ಆ ವಿವರಗಳನ್ನು ಕಾಪಾಡುವ ನಿಯಮ ಮಾಡಿಕೊಳ್ಳಿ. ಪಾಲೋ ಆಲ್ಟೋ ಪೊಲೀಸರು 2021ರ ಜನವರಿಯಲ್ಲಿ ಬೀಗ ಹಾಕಿದರು. 2022ರ ಸೆಪ್ಟೆಂಬರಿನಲ್ಲಿ ತಾವೇ ತೆಗೆದರು! ಹಾಗಾದರೆ ಖಾಸಗಿ ವಿವರ? ಅದಕ್ಕೆ ಫೋನು, ಕಾರಿನಲ್ಲಿರುವ ಕಂಪ್ಯೂಟರು ಬಳಸಿದರಾಯ್ತು. ಉಳಿದ ಮಾತು ಮೊದಲಿನ ಹಾಗೆ ಎಲ್ಲರಿಗೂ ಕೇಳಲಿ. ಒಂದು ಡಬ್ಬಿ ಮುಚ್ಚಿಡಲು ಇಡೀ ಮನೆಗೆ ಬೀಗ ಹಾಕಬೇಕಾಗಿಲ್ಲ ಅಂತ ತೋರಿಸಿದ ಊರು ಅದು.

ಬೀಗ ಹಾಕಿದ್ರೂ ಎಲ್ಲ ಭದ್ರ ಅಲ್ಲ

2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯಾಟ್ ಬ್ಲೇಝ್ ಮತ್ತು ಸಂಗಡಿಗರು ಪಿ25 ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಎನ್‌ಕ್ರಿಪ್ಶನ್ ಇದ್ದ ಫೆಡರಲ್ ಏಜೆಂಟರ ರೇಡಿಯೋಗಳಿಂದಲೇ ಗುಟ್ಟಿನ ಮಾತು ಬಯಲಲ್ಲಿ ಹೋಗುತ್ತಿತ್ತು. ಸ್ವಿಚ್ ಯಾವ ಕಡೆ ಇದೆ ಅಂತ ಸರಿಯಾಗಿ ಕಾಣದಿದ್ದುದು, ಕೀಲಿ ಹಂಚುವುದರಲ್ಲಿ ಗೊಂದಲ ಆಗುತ್ತಿದ್ದುದು ಇದಕ್ಕೆ ಕಾರಣ. ಇನ್ನೊಂದು ವಿಷಯ: 1728 ಬಿಟ್‌ಗಳ ಒಂದು ಫ್ರೇಮಿನಲ್ಲಿ ಬರೀ 64 ಬಿಟ್‌ಗಳನ್ನು ಕೆಡಿಸಿದರೆ ಸಾಕು, ಇಡೀ ಫ್ರೇಮ್ ವ್ಯರ್ಥ. ಮಕ್ಕಳ ಅಗ್ಗದ ಆಟಿಕೆಯೊಂದರ ರೇಡಿಯೋ ಚಿಪ್ಪೇ ಅದಕ್ಕೆ ಸಾಕು ಅಂತ ಅವರು ತೋರಿಸಿದರು. ಅಂದರೆ ಎನ್‌ಕ್ರಿಪ್ಶನ್ ಕದ್ದು ಕೇಳುವುದನ್ನು ತಡೆಯುತ್ತೆ, ಅಡ್ಡಿ ಮಾಡುವವರನ್ನು ತಡೆಯೋದಿಲ್ಲ. ಇವೆರಡೂ ಬೇರೆ ಬೇರೆ ಸಮಸ್ಯೆಗಳು. 'ಸುರಕ್ಷತೆ' ಅನ್ನುವ ಒಂದೇ ಪದದಲ್ಲಿ ಎರಡನ್ನೂ ಕಟ್ಟಿ ಮಾರಿದರೆ ನಾವು ಎಚ್ಚರವಾಗಬೇಕು.

ಒಟ್ಟಿನಲ್ಲಿ ಎಇಎಸ್ ಗಣಿತ ಎಷ್ಟೇ ಗಟ್ಟಿ ಇರಲಿ, ಯಾವ ಮಾತು ಮುಚ್ಚಬೇಕು, ಯಾವುದು ತೆರೆದಿರಬೇಕು, ಕೀಲಿ ಯಾರಿಗೆ ಕೊಡಬೇಕು ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. ಅದನ್ನು ತೀರ್ಮಾನಿಸಬೇಕಾದವರು ಊರಿನ ಜನ. ಪಿ25 ರೇಡಿಯೋಗಳಲ್ಲಿ ಒಂದೊಂದು ಚಾನೆಲ್‌ಗೆ ಬೇರೆ ಬೇರೆಯಾಗಿ ಎನ್‌ಕ್ರಿಪ್ಶನ್ ಹಾಕಬಹುದು, ತೆಗೆಯಬಹುದು. ದಾಳಿ, ಪತ್ತೇದಾರಿ ಕೆಲಸದ ಚಾನೆಲ್ ಮುಚ್ಚಿಟ್ಟು, ದಿನನಿತ್ಯದ ಚಾನೆಲ್ ತೆರೆದಿಡೋದು ಕಷ್ಟವೇನಲ್ಲ. ಈ ವಿಷಯವನ್ನು ಜನರಿಗೆ ಅರ್ಥವಾಗುವ ಹಾಗೆ ಹೇಳುವ ಹೊಣೆ ಮಾತ್ರ ಎಂಜಿನಿಯರುಗಳಾದ ನಮ್ಮದು. 'ಟೆಕ್ನಾಲಜಿ ಹೀಗೇ ಇರೋದು, ಏನೂ ಮಾಡೋಕಾಗಲ್ಲ' ಅಂತ ಯಾರಾದ್ರೂ ಅಂದಾಗ, 'ಇಲ್ಲ ಸಾರ್, ಮಾಡಬಹುದು' ಅನ್ನೋಕಾದರೂ ನಾವು ಈ ಪಾಠ ಸರಿಯಾಗಿ ಓದಿಕೊಂಡಿರೋಣ, ಏನಂತೀರಿ?