ಮೊಟ್ಟೆ ಇಡುವ ಮೊದಲೇ ಸಾಯುವ ಮೀನು

ಪೆಸಿಫಿಕ್ ಸಾಗರದ ಕೊಹೊ ಸಾಲ್ಮನ್ ಮೀನು ಹುಟ್ಟುವುದು ಹಳ್ಳದ ಸಿಹಿನೀರಿನಲ್ಲಿ. ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಬೆಳೆದು ಕಡಲಿಗಿಳಿಯುತ್ತದೆ. ಸುಮಾರು ಒಂದೂವರೆ ವರ್ಷ ಕಡಲಲ್ಲಿ ಮೇದು ಕೊಬ್ಬಿ, ಹುಟ್ಟಿದ ನೀರಿನ ವಾಸನೆಯ ಜಾಡು ಹಿಡಿದು ಮರಳಿ ಬರುತ್ತದೆ. ಹೆಣ್ಣು ಬಾಲದಿಂದ ಬಡಿದು ಬಡಿದು ನೀರಡಿಯ ಜಲ್ಲಿಯಲ್ಲಿ ಗುಂಡಿ ಮಾಡಿ ಎರಡು-ಮೂರು ಸಾವಿರ ಮೊಟ್ಟೆ ಇಡುತ್ತದೆ. ಅಲ್ಲಿಗೆ ಅದರ ಬಾಳು ಮುಗಿಯಿತು. ಹೆಣ್ಣೂ ಗಂಡೂ ಕೆಲವೇ ದಿನಗಳಲ್ಲಿ ಸಾಯುತ್ತವೆ. ಆ ಹೆಣಗಳು ಕರಡಿ, ಹದ್ದು, ಹುಳಗಳ ಪಾಲು. ಅವುಗಳಲ್ಲಿದ್ದ ಕಡಲಿನ ಸಾರಜನಕ ದಡದ ಮರಗಳಿಗೂ ಸೇರಿರುವುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಹಾಗಾಗಿ ಹಳ್ಳದಲ್ಲಿ ಸತ್ತ ಸಾಲ್ಮನ್ ಕಂಡರೆ ಗಾಬರಿಪಡಬೇಕಿಲ್ಲ. ಅದು ಮೊಟ್ಟೆ ಇಟ್ಟು ಸತ್ತಿತೋ, ಇಡುವ ಮೊದಲೇ ಸತ್ತಿತೋ ಎಂಬುದೇ ಮುಖ್ಯ.

ಅಮೆರಿಕದ ಸಿಯಾಟಲ್ ನಗರದ ಆಸುಪಾಸಿನ ಹಾಳಾದ ಹಳ್ಳಗಳನ್ನು 1990ರ ದಶಕದಲ್ಲಿ ಸರಿಪಡಿಸತೊಡಗಿದರು. ಮೀನಿಗೆ ಅಡ್ಡವಾಗಿದ್ದ ಮೋರಿಗಳನ್ನು ತೆಗೆದರು, ದಡದಲ್ಲಿ ಗಿಡ ನೆಟ್ಟರು, ನೀರು ಅಲ್ಲಲ್ಲಿ ತಂಗಲೆಂದು ದಿಮ್ಮಿಗಳನ್ನು ಹಾಕಿದರು. ಕೊಹೊ ಬಂದವು. ಆದರೆ ಶರತ್ಕಾಲದ ಮಳೆ ಸುರಿದ ಬೆನ್ನಿಗೇ ಮೇಲೆ ಬಂದು ಬಾಯಿ ಬಿಡುತ್ತಾ, ದಿಕ್ಕು ತಪ್ಪಿ ಗಿರಗಿರನೆ ಸುತ್ತುತ್ತಾ, ಮಗ್ಗುಲಾಗಿ ಬಿದ್ದು ಕೆಲವೇ ಗಂಟೆಗಳಲ್ಲಿ ಸತ್ತವು. ಹೊಟ್ಟೆ ಸೀಳಿದರೆ ಮೊಟ್ಟೆ ಇದ್ದ ಹಾಗೇ ಇದ್ದವು. ಕೆಲವು ಹಳ್ಳಗಳಲ್ಲಿ ಮರಳಿ ಬಂದ ಕೊಹೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋದವು. ವಿಚಿತ್ರವೆಂದರೆ, ಅದೇ ನೀರಿನಲ್ಲಿದ್ದ ಚಮ್ ಸಾಲ್ಮನ್‌ಗೆ ಏನೂ ಆಗಲಿಲ್ಲ.

ರೋಗ, ನೀರಿನ ಬಿಸಿ, ಆಮ್ಲಜನಕದ ಕೊರತೆ, ಕೀಟನಾಶಕ, ಲೋಹ ಎಂದು ಒಂದೊಂದನ್ನೇ ಶಂಕಿಸಿ ಕೈಬಿಟ್ಟರು. ಹೆದ್ದಾರಿಯಿಂದ ಹರಿದು ಬಂದ ಮಳೆನೀರನ್ನು ತೊಟ್ಟಿಗೆ ತುಂಬಿ ಕೊಹೊ ಬಿಟ್ಟಾಗ ಎಲ್ಲವೂ ಸತ್ತವು. ಟೈರಿನ ಪುಡಿ ನೆನೆಸಿದ ನೀರೂ ಅಷ್ಟೇ ಮಾರಕವಾಗಿತ್ತು. ಆದರೆ ಆ ನೀರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು! ವಾಷಿಂಗ್ಟನ್ ವಿಶ್ವವಿದ್ಯಾಲಯದ ಝೆನ್ಯು ಟಿಯಾನ್, ಎಡ್ವರ್ಡ್ ಕೊಲೊಜೆ ಮತ್ತು ಸಂಗಡಿಗರು ಅದನ್ನು ಭಾಗ ಮಾಡುತ್ತಾ, ಪ್ರತಿ ಭಾಗವನ್ನೂ ಮೀನಿನ ಮೇಲೆ ಪರೀಕ್ಷಿಸುತ್ತಾ ಹೋದರು. ಕೊನೆಗೆ ಉಳಿದ ವಸ್ತುವಿನ ಅಣುವಿನಲ್ಲಿ 18 ಇಂಗಾಲ, 22 ಜಲಜನಕ, 2 ಸಾರಜನಕ, 2 ಆಮ್ಲಜನಕ ಪರಮಾಣುಗಳಿದ್ದವು. ಟೈರಿಗೆ ಬೆರೆಸುವ ಯಾವ ವಸ್ತುವಿಗೂ ಈ ಲೆಕ್ಕ ಹೊಂದಲಿಲ್ಲ. ಹತ್ತಿರ ಬಂದದ್ದು 6ಪಿಪಿಡಿ: ಇಂಗಾಲ, ಸಾರಜನಕ ಅಷ್ಟೇ, ಆಮ್ಲಜನಕ ಮಾತ್ರ ಇಲ್ಲ, ಜಲಜನಕ ಎರಡು ಹೆಚ್ಚು.

ಗುಟ್ಟು ಅಲ್ಲೇ ಇತ್ತು. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ಅದನ್ನು ತಡೆಯಲು ದಶಕಗಳಿಂದ ಟೈರುಗಳಿಗೆ 6ಪಿಪಿಡಿ ಸೇರಿಸುತ್ತಾರೆ. ನಮ್ಮೂರ ರಸ್ತೆಗಳ ಟೈರುಗಳೂ ಇದಕ್ಕೆ ಹೊರತಲ್ಲ. ಓಝೋನ್ ರಬ್ಬರಿಗೆ ತಾಗುವ ಮುನ್ನ ತಾನೇ ಅಡ್ಡ ಬಂದು ಬದಲಾಗುವುದು ಅದರ ಕೆಲಸ. ಹಾಗೆ ಬದಲಾದಾಗ ಹುಟ್ಟುವುದೇ 6ಪಿಪಿಡಿ-ಕ್ವಿನೋನ್. ಸವೆದ ಟೈರಿನ ಧೂಳಿನಲ್ಲಿ ಸೇರಿ ರಸ್ತೆಯಲ್ಲಿ ಬಿದ್ದಿದ್ದ ಇದನ್ನು ಮಳೆ ಹಳ್ಳಕ್ಕೆ ತೊಳೆದು ತರುತ್ತದೆ. 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಲೀಟರಿಗೆ 95 ನ್ಯಾನೋಗ್ರಾಂನಷ್ಟಿದ್ದರೆ ಅರ್ಧದಷ್ಟು ಕೊಹೊ ಸಾಯುತ್ತವೆ ಎಂದು ಮುಂದೆ ಲೆಕ್ಕ ಸಿಕ್ಕಿತು. ಅಂದರೆ 25 ಲಕ್ಷ ಲೀಟರಿನ ಒಲಿಂಪಿಕ್ ಈಜುಕೊಳಕ್ಕೆ ಕಾಲು ಗ್ರಾಂ ಸಾಕು.

ಮದ್ದು ಮಾತ್ರ ಅಪರಾಧಿ ಸಿಗುವ ಮೊದಲೇ ಸಿಕ್ಕಿತ್ತು. ಮರಳು, ಕಾಂಪೋಸ್ಟ್, ಮರದ ತೊಗಟೆ ಬೆರೆತ ಮಣ್ಣಿನ ಪದರದ ಮೂಲಕ ಹೆದ್ದಾರಿಯ ನೀರನ್ನು ಇಳಿಸಿದಾಗ ಒಂದು ಕೊಹೊ ಕೂಡ ಸಾಯಲಿಲ್ಲ. ಚರಂಡಿಯ ನೀರು ನೇರ ಹಳ್ಳಕ್ಕೆ ಬೀಳದೆ ಮಣ್ಣಿಗಿಳಿದು ಹೋದರೆ ಸಾಕು. ಆದರೆ ಪ್ರತಿ ರಸ್ತೆಯ ಪಕ್ಕದಲ್ಲೂ ಇಂಥ ಸೋಸುವ ಗುಂಡಿ ಮಾಡುವುದು ಆಗುಹೋಗುವ ಮಾತಲ್ಲ. ಅದಕ್ಕೇ 2023ರಲ್ಲಿ ಯುರೋಕ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಪ್ಯುಯಾಲಪ್ ಬುಡಕಟ್ಟುಗಳು ಟೈರಿನಲ್ಲಿ 6ಪಿಪಿಡಿಯನ್ನು ನಿಷೇಧಿಸಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಅರ್ಜಿ ಕೊಟ್ಟವು, ಸಂಸ್ಥೆ ಅರ್ಜಿಯನ್ನು ಮಾನ್ಯ ಮಾಡಿತು. ವಾಷಿಂಗ್ಟನ್ ರಾಜ್ಯದಲ್ಲಿ ಹಿಡಿಯಬಹುದಾದ ಸಾಲ್ಮನ್‌ನಲ್ಲಿ ಅರ್ಧ ಪಾಲು ಅಮೆರಿಕ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ ಮೂಲನಿವಾಸಿ ಬುಡಕಟ್ಟುಗಳದ್ದೆಂದು 1974ರಲ್ಲೇ ನ್ಯಾಯಾಲಯ ಹೇಳಿದೆ. ಮೀನೇ ಇಲ್ಲದಿದ್ದರೆ ಪಾಲು ಎಲ್ಲಿಂದ ಬರಬೇಕು?

ಹಳ್ಳವನ್ನು ಉಳಿಸುವ ಕೆಲಸ ದಡದಿಂದಲ್ಲ, ರಸ್ತೆಯಿಂದ ಶುರುವಾಗಬೇಕು ಎಂಬುದು ಕೊಹೊ ಕಲಿಸಿದ ಪಾಠ. ಬದಲಿ ರಾಸಾಯನಿಕದ ಹುಡುಕಾಟ ನಡೆದಿದೆ. ಅದು ಟೈರನ್ನು ಕಾಯಬೇಕು, ಬದಲಾದ ಮೇಲೂ ಕೊಲ್ಲಬಾರದು. ಪರೀಕ್ಷೆಗೆ ಒಂದೇ ಜಾತಿಯ ಮೀನನ್ನು ನೆಚ್ಚಿ ಕೂರುವಂತಿಲ್ಲ; ಚಮ್ ಒಂದನ್ನೇ ನೋಡಿದ್ದರೆ 6ಪಿಪಿಡಿ-ಕ್ವಿನೋನ್ ಕೂಡ ನಿರಾಯಾಸವಾಗಿ ಪಾಸಾಗುತ್ತಿತ್ತು.